ಕೆಲಸದಿಂದ ತೆಗೆದಾಗ ಕಂಪನಿ ತಾನಾಗಿಯೇ ಕೊಟ್ಟ ಎಕ್ಸ್‌ಗ್ರೇಷಿಯಾ ಹಣಕ್ಕೆ ಆದಾಯ ತೆರಿಗೆ ಕಟ್ಟಬೇಕೇ?

ಗುಬ್ಬಿ ತಾಲ್ಲೂಕಿನವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ನಾನು ಹದಿನೆಂಟು ವರ್ಷ ಎಂಟು ತಿಂಗಳು ದುಡಿದಿದ್ದೇನೆ. ಎಂಬತ್ತು ಜನರಿದ್ದ ಘಟಕದಲ್ಲಿ ಒಂದು ಲೈನ್ ನಿಲ್ಲಿಸುವುದಾಗಿ ಹೇಳಿ, ಆ ಲೈನಿನ ನಮ್ಮೆಲ್ಲರನ್ನೂ 2025ರ ಆಗಸ್ಟ್ 31ಕ್ಕೆ ಕೆಲಸದಿಂದ ತೆಗೆದರು. ನನಗೀಗ 44 ವರ್ಷ. ನಮ್ಮಲ್ಲಿ ನಿವೃತ್ತಿಯ ವಯಸ್ಸು 58.

ನನ್ನ ತಿಂಗಳ ಸಂಬಳ ಎಲ್ಲ ಭತ್ಯೆ ಸೇರಿ 32,000 ರೂಪಾಯಿ. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 24,000. ಲೆಕ್ಕ ಚುಕ್ತಾ ಮಾಡುವಾಗ ಒಂದು ತಿಂಗಳ ನೋಟಿಸ್ ಸಂಬಳ 32,000, ರಿಟ್ರೆಂಚ್‌ಮೆಂಟ್ (ಕಂಪನಿಯೇ ಕೆಲಸದಿಂದ ತೆಗೆದದ್ದಕ್ಕೆ ಕಾನೂನಿನಂತೆ ಕೊಡುವ) ಪರಿಹಾರ 3,04,000, ಗ್ರಾಚ್ಯುಟಿ 2,63,077, ಉಳಿದ ರಜೆಗೆ 36,000 ಕೊಟ್ಟರು. ಇದಲ್ಲದೆ 15,00,000 ರೂಪಾಯಿಯನ್ನು ಎಕ್ಸ್‌ಗ್ರೇಷಿಯಾ ಎಂದು ಪ್ರತ್ಯೇಕವಾಗಿ ಕೊಟ್ಟಿದ್ದಾರೆ. ಅದರ ಜೊತೆಗಿದ್ದ ಪತ್ರದಲ್ಲಿ, ಈ ಹಣ ಕೊಡಬೇಕೆಂಬ ಯಾವ ಕಾನೂನಿನ ಅಥವಾ ಒಪ್ಪಂದದ ಬಾಧ್ಯತೆಯೂ ಕಂಪನಿಗೆ ಇಲ್ಲ, ದೀರ್ಘಕಾಲದ ಸೇವೆಯನ್ನು ಪರಿಗಣಿಸಿ ಸ್ವಯಂಪ್ರೇರಣೆಯಿಂದ ಕೊಡಲಾಗುತ್ತಿದೆ ಎಂದು ಬರೆದಿದೆ.

ಗ್ರಾಚ್ಯುಟಿ ಮತ್ತು ರಜೆಯ ಹಣ ಬಿಟ್ಟು ಉಳಿದ ಎಲ್ಲದಕ್ಕೂ ತೆರಿಗೆ ಲೆಕ್ಕ ಹಾಕಿ 1,91,568 ರೂಪಾಯಿ ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ) ಮುರಿದುಕೊಂಡಿದ್ದಾರೆ. ಜೊತೆಯಲ್ಲಿದ್ದವರಲ್ಲಿ ಒಬ್ಬರು, ಐದು ಲಕ್ಷದವರೆಗೆ ವಿನಾಯಿತಿ ಇದೆ, ಆದ್ದರಿಂದ ಪರಿಹಾರದ ಮೂರು ಲಕ್ಷ ಕಳೆದು ಎಕ್ಸ್‌ಗ್ರೇಷಿಯಾದಲ್ಲಿಯೂ ಇನ್ನೂ ಸುಮಾರು ಎರಡು ಲಕ್ಷ ಬಿಡಿಸಬಹುದು ಎನ್ನುತ್ತಾರೆ. ಇನ್ನೊಬ್ಬರು, ದೆಹಲಿ ಹೈಕೋರ್ಟ್ ತೀರ್ಪಿನ ಪ್ರಕಾರ ಇಂತಹ ಹಣಕ್ಕೆ ತೆರಿಗೆಯೇ ಇಲ್ಲ, ಪೂರ್ತಿ ಹಣ ವಾಪಸ್ ಕೇಳು ಎನ್ನುತ್ತಾರೆ. ಕಂಪನಿಯ ಲೆಕ್ಕಪತ್ರ ವಿಭಾಗದವರು ಫೋನಿನಲ್ಲಿ ಹೇಳಿದ್ದು, ರಿಟರ್ನ್ಸ್ ಹಾಕುವಾಗ ನೀವೇ ನೋಡಿಕೊಳ್ಳಿ ಎಂದಷ್ಟೇ. ಸೆಪ್ಟೆಂಬರ್‌ನಿಂದ ನನಗೆ ಬೇರೆ ಸಂಬಳವಿಲ್ಲ. ಮಗಳು ಪಿಯುಸಿ ಓದುತ್ತಿದ್ದಾಳೆ. ಈ ಹಣವನ್ನು ಲೆಕ್ಕ ಹಾಕಿ ಇಟ್ಟುಕೊಳ್ಳಬೇಕಾಗಿರುವುದರಿಂದ, ತಿಳಿದವರು ಸರಿಯಾದ ಮಾಹಿತಿ ಕೊಡಬೇಕಾಗಿ ವಿನಂತಿ.

ಚಿಕ್ಕಬಳ್ಳಾಪುರದ ವಕೀಲ

ನಿಮ್ಮ ಸ್ನೇಹಿತರು ಹೇಳುತ್ತಿರುವ ತೀರ್ಪು ಇರುವುದು ನಿಜ. ಆದರೆ ಅದು ಯಾವ ವರ್ಷಗಳ ಹಣದ ಬಗ್ಗೆ ಹೇಳಿದ ಮಾತು ಎಂಬುದನ್ನು ಗಮನಿಸದೆ ಅದನ್ನು ನೆಚ್ಚಿಕೊಳ್ಳಬಾರದು.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 17(3), ಉದ್ಯೋಗ ಕೊನೆಗೊಂಡಾಗ ಮಾಲೀಕರಿಂದ ಬರುವ ಪರಿಹಾರವನ್ನು 'ವೇತನದ ಬದಲಿಗೆ ಬಂದ ಲಾಭ' ಎಂದು ಪರಿಗಣಿಸಿ ಸಂಬಳದ ಜೊತೆಯಲ್ಲೇ ತೆರಿಗೆಗೆ ಒಳಪಡಿಸುತ್ತದೆ. ಇದರ ಮೇಲೆ ನಡೆದ ವಾದ ಏನೆಂದರೆ, ಪರಿಹಾರ ಎನ್ನಿಸಿಕೊಳ್ಳಬೇಕಾದರೆ ಅದನ್ನು ಪಡೆಯುವ ಹಕ್ಕು ನೌಕರನಿಗೆ ಇರಬೇಕು. ಕೊಡುವ ಬಾಧ್ಯತೆಯೇ ಇಲ್ಲದೆ ಮಾಲೀಕರು ತಮ್ಮ ಇಚ್ಛೆಯಿಂದ ಕೊಟ್ಟ ಹಣ ಪರಿಹಾರವಲ್ಲ, ಅದು ಉದ್ಯೋಗ ಎಂಬ ಆದಾಯದ ಮೂಲವೇ ಹೋದದ್ದಕ್ಕೆ ಬಂದ ಬಂಡವಾಳ ಸ್ವರೂಪದ ಹಣ. 2010ರಲ್ಲಿ ದೆಹಲಿ ಹೈಕೋರ್ಟ್, 2015ರಲ್ಲಿ ಗುಜರಾತ್ ಹೈಕೋರ್ಟ್ ಈ ವಾದವನ್ನು ಒಪ್ಪಿ ನೌಕರರ ಪರವಾಗಿ ತೀರ್ಪು ನೀಡಿವೆ. ನಿಮ್ಮ ಕಂಪನಿಯ ಪತ್ರದಲ್ಲಿರುವ 'ಯಾವ ಬಾಧ್ಯತೆಯೂ ಇಲ್ಲ' ಎಂಬ ಸಾಲು ಆ ಪ್ರಕರಣಗಳಲ್ಲಿ ನಿರ್ಣಾಯಕವಾಗಿದ್ದ ಸಂಗತಿಯೇ.

ಹಳೆಯ ವರ್ಷಗಳಿಗೆ ಸಂಬಂಧಿಸಿ ಮೇಲ್ಮನವಿ ಬಾಕಿ ಇರುವವರು ಈ ಭಾಗದಲ್ಲಿ ಇನ್ನೂ ಕೆಲವರಿದ್ದಾರೆ. 2018-19ರ ಅಸೆಸ್‌ಮೆಂಟ್ ವರ್ಷದವರೆಗಿನ (ಅಸೆಸ್‌ಮೆಂಟ್ ವರ್ಷವೆಂದರೆ ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಪ್ರಕರಣಗಳಲ್ಲಿ ಈ ತೀರ್ಪುಗಳು ಈಗಲೂ ಬಲವಾದ ಆಧಾರ, ಅಂಥವರು ಪ್ರಕರಣವನ್ನು ಕೈಬಿಡಬಾರದು. ನಿಮ್ಮ ಹಣ ಬಂದಿರುವುದು 2025ರಲ್ಲಿ. ಅದರ ನಡುವೆ ಕಾನೂನು ಬದಲಾಗಿದೆ. ಆ ಬದಲಾವಣೆಯ ಲೆಕ್ಕಾಚಾರವನ್ನು ತೆರಿಗೆ ಕೆಲಸವನ್ನೇ ದಿನನಿತ್ಯ ಮಾಡುವವರು ವಿವರಿಸಿದರೆ ಒಳ್ಳೆಯದು.

ತೆರಿಗೆ ಸಲಹೆಗಾರ, ತುಮಕೂರು

ವಕೀಲರು ಗುರುತಿಸಿದ ಬದಲಾವಣೆ ಬಂದದ್ದು 2018ರ ಹಣಕಾಸು ಕಾಯ್ದೆಯಿಂದ. 2019-20ರ ಅಸೆಸ್‌ಮೆಂಟ್ ವರ್ಷದಿಂದ ಜಾರಿಗೆ ಬರುವಂತೆ ಕಲಂ 56(2)(xi) ಸೇರಿಸಲಾಯಿತು. ಉದ್ಯೋಗ ಕೊನೆಗೊಳ್ಳುವುದಕ್ಕೆ ಅಥವಾ ಉದ್ಯೋಗದ ಷರತ್ತುಗಳು ಬದಲಾಗುವುದಕ್ಕೆ ಸಂಬಂಧಿಸಿ ಬಂದ ಪರಿಹಾರ 'ಅಥವಾ ಇತರ ಯಾವುದೇ ಪಾವತಿ', ಅದನ್ನು ಏನೆಂದು ಕರೆದರೂ ಸರಿ, ಇತರ ಮೂಲಗಳ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ ಎಂದು ಅದು ಹೇಳುತ್ತದೆ. ಆದಾಯ ಎಂಬುದರ ವ್ಯಾಖ್ಯೆಯಲ್ಲಿಯೂ ಇದನ್ನು ಸೇರಿಸಿದ್ದಾರೆ. ಹೈಕೋರ್ಟುಗಳು ಯಾವ ಬಾಗಿಲನ್ನು ನೌಕರರಿಗಾಗಿ ತೆರೆದಿದ್ದವೋ ಅದನ್ನು ಮುಚ್ಚುವುದಕ್ಕಾಗಿಯೇ ಬಂದ ಕಲಂ ಇದು ಎಂದು ನಾನು ಓದಿಕೊಂಡಿದ್ದೇನೆ. ಬಾಧ್ಯತೆ ಇತ್ತೋ ಇಲ್ಲವೋ, ಹಕ್ಕಿನಿಂದ ಬಂತೋ ಔದಾರ್ಯದಿಂದ ಬಂತೋ ಎಂಬ ಪ್ರಶ್ನೆ ಈಗ ಉಳಿದಿಲ್ಲ; ಕೆಲಸ ಹೋದದ್ದಕ್ಕೂ ಆ ಹಣಕ್ಕೂ ಸಂಬಂಧವಿದೆಯೇ ಎಂಬುದಷ್ಟೇ ಪ್ರಶ್ನೆ, ಮತ್ತು ನಿಮ್ಮ ವಿಷಯದಲ್ಲಿ ಆ ಸಂಬಂಧವನ್ನು ಅಲ್ಲಗಳೆಯಲು ಸಾಧ್ಯವಿಲ್ಲ.

ಹೀಗಾಗಿ 15 ಲಕ್ಷಕ್ಕೆ ತೆರಿಗೆ ಇದೆ. ಆದರೆ ಇಲ್ಲಿ ನಿಮ್ಮ ಗಮನಕ್ಕೆ ತರಬೇಕಾದ ಮುಖ್ಯ ವಿಷಯವೊಂದಿದೆ. ಇದು ಸಂಬಳವೇ ಅಲ್ಲ, ಸ್ವಯಂಪ್ರೇರಿತ ಪಾವತಿ ಎಂದು ಇಲಾಖೆಯೊಂದಿಗೆ ವಾದ ಮಾಡಿ ನೀವು ಗೆದ್ದರೆ, ಆ ಹಣ ನೇರವಾಗಿ ಇತರ ಮೂಲಗಳ ಆದಾಯದ ಪಟ್ಟಿಗೆ ಹೋಗುತ್ತದೆ. ಅಲ್ಲಿಗೆ ಹೋದರೆ ಕಲಂ 89ರ ರಿಲೀಫ್ (ದೊಡ್ಡ ಮೊತ್ತ ಒಂದೇ ವರ್ಷದಲ್ಲಿ ಬಂದದ್ದರಿಂದ ಹೆಚ್ಚಾದ ತೆರಿಗೆಯಲ್ಲಿ ಸಿಗುವ ಕಡಿತ) ಸಿಗುವುದಿಲ್ಲ, ಏಕೆಂದರೆ ಆ ರಿಲೀಫ್ ಇರುವುದು ಸಂಬಳಕ್ಕೆ ಮತ್ತು ವೇತನದ ಬದಲಿಗೆ ಬಂದ ಲಾಭಕ್ಕೆ. ನಿಮ್ಮ ಕಂಪನಿ ಈ ಹಣವನ್ನು ಸಂಬಳದ ಭಾಗವಾಗಿ ಪರಿಗಣಿಸಿ ಟಿಡಿಎಸ್ ಮುರಿದಿದೆ, ಅದು ಫಾರಂ 16ರಲ್ಲಿ (ಸಂಬಳ ಮತ್ತು ಟಿಡಿಎಸ್ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರ) ಹಾಗೆಯೇ ಬರುತ್ತದೆ. ಅದನ್ನು ಹಾಗೆಯೇ ಇರಗೊಡುವುದು ನಿಮಗೆ ಲಾಭ. ತೀರ್ಪಿನ ಪ್ರತಿ ಹಿಡಿದು ಕೈಗೆ ಬಾರದ ವಿನಾಯಿತಿಗಾಗಿ ಓಡಾಡುತ್ತಾ, ಕೈಯಲ್ಲಿದ್ದ ರಿಲೀಫನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ನಿಮಗೆ ಹಾಗಾಗಬಾರದು.

ಇನ್ನು ಐದು ಲಕ್ಷದ ಮಾತು. ಕಲಂ 10(10B) ಅಡಿಯಲ್ಲಿ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ ವಿನಾಯಿತಿ ಇರುವುದು ಮೂರು ಮೊತ್ತಗಳಲ್ಲಿ ಕಡಿಮೆಯಾದುದಕ್ಕೆ ಮಾತ್ರ: ನಿಜವಾಗಿ ಕೈಗೆ ಬಂದದ್ದು, ಕೈಗಾರಿಕಾ ವಿವಾದ ಕಾಯ್ದೆಯ ಕಲಂ 25F(b) ಪ್ರಕಾರ ಲೆಕ್ಕ ಹಾಕಿದ್ದು, ಮತ್ತು ಸರ್ಕಾರ ನಿಗದಿ ಮಾಡಿರುವ 5,00,000. ಐದು ಲಕ್ಷ ಎಂಬುದು ಮೇಲ್ಮಿತಿಯೇ ಹೊರತು ಎಲ್ಲರಿಗೂ ಸಿಗುವ ಮೊತ್ತವಲ್ಲ. 25F(b) ಲೆಕ್ಕವೆಂದರೆ ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸರಾಸರಿ ವೇತನ; ಕೊನೆಯಲ್ಲಿ ಉಳಿದ ಅವಧಿ ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷ. ನಿಮ್ಮ ಹದಿನೆಂಟು ವರ್ಷ ಎಂಟು ತಿಂಗಳು ಆದ್ದರಿಂದ ಹತ್ತೊಂಬತ್ತಾಗುತ್ತದೆ. 32,000ದ ಅರ್ಧ 16,000, ಅದನ್ನು 19ರಿಂದ ಗುಣಿಸಿದರೆ 3,04,000. ಕಂಪನಿ ಕೊಟ್ಟಿರುವುದು ಸರಿಯಾಗಿ ಅಷ್ಟೇ. ವಿನಾಯಿತಿಯೂ ಅಷ್ಟಕ್ಕೇ. ಮಿಕ್ಕ 1,96,000ವನ್ನು ಎಕ್ಸ್‌ಗ್ರೇಷಿಯಾದ ಮೇಲೆ ಬಳಸಲು ದಾರಿಯಿಲ್ಲ, ಏಕೆಂದರೆ ಎರಡನ್ನೂ ಕೂಡಿಸಿ 18,04,000 ಎಂದು ತೋರಿಸಿದರೂ ಮೂರರಲ್ಲಿ ಕಡಿಮೆಯದು 3,04,000 ಆಗಿಯೇ ಉಳಿಯುತ್ತದೆ.

ಈ ಜಾಗದಲ್ಲಿ ಹಲವರು, ಕೆಲವೊಮ್ಮೆ ಲೆಕ್ಕ ಬರೆಯುವವರು ಕೂಡ, ಗ್ರಾಚ್ಯುಟಿಯ ಸೂತ್ರವನ್ನು ತಂದು 26ರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ 3,50,769 ಬರುತ್ತದೆ, ವಿನಾಯಿತಿ ಹೆಚ್ಚಾದಂತೆ ಕಾಣುತ್ತದೆ. ಆದರೆ 26 ದಿನಗಳ ಭಾಗಾಕಾರ ಗ್ರಾಚ್ಯುಟಿ ಕಾಯ್ದೆಯಲ್ಲಿ ಬರೆದಿರುವ ಮಾತು. 25Fಗೆ ಅದನ್ನು ಅನ್ವಯಿಸಲಾಗದು ಎಂದು ಗುರು ಜಂಭೇಶ್ವರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ನಿಮ್ಮ ಗ್ರಾಚ್ಯುಟಿಯನ್ನು 24,000ದ ಮೇಲೆ, 26ರಿಂದ ಭಾಗಿಸಿ, 19 ವರ್ಷಕ್ಕೆ ಲೆಕ್ಕ ಹಾಕಿದ್ದಾರೆ. ಅದು ಸರಿ, ಮತ್ತು 20 ಲಕ್ಷದ ಮಿತಿಯೊಳಗೆ ಇರುವುದರಿಂದ ಅದಕ್ಕೆ ತೆರಿಗೆಯಿಲ್ಲ. ರಜೆಯ 36,000ಕ್ಕೂ ಇಲ್ಲ, ಅಲ್ಲಿ ಮಿತಿ 25 ಲಕ್ಷ. ನೋಟಿಸ್ ಸಂಬಳಕ್ಕೆ ಮಾತ್ರ ಯಾವ ವಿನಾಯಿತಿಯೂ ಇಲ್ಲ.

ಈ ವಿನಾಯಿತಿಗಳೆಲ್ಲ ಹೊಸ ತೆರಿಗೆ ಪದ್ಧತಿಯಲ್ಲಿಯೂ ಸಿಗುತ್ತವೆ. ಹೊಸ ಪದ್ಧತಿ ಆರಿಸಿಕೊಂಡರೆ ಎಲ್ಲ ವಿನಾಯಿತಿ ಹೋಯಿತು ಎಂಬ ಭಯದಿಂದ ಹಳೆಯದಕ್ಕೆ ಹೋಗಬೇಡಿ.

ಈಗ ಲೆಕ್ಕ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಸಂಬಳ 1,60,000, ನೋಟಿಸ್ ಸಂಬಳ 32,000, ಎಕ್ಸ್‌ಗ್ರೇಷಿಯಾ 15,00,000, ಒಟ್ಟು 16,92,000. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 16,17,000. 2025-26ರ ಹೊಸ ಪದ್ಧತಿಯ ದರದಲ್ಲಿ ನಾಲ್ಕು ಲಕ್ಷದವರೆಗೆ ಏನೂ ಇಲ್ಲ, ಮುಂದಿನ ನಾಲ್ಕು ಲಕ್ಷಕ್ಕೆ 20,000, ಅದರ ಮುಂದಿನ ನಾಲ್ಕಕ್ಕೆ 40,000, ಹನ್ನೆರಡರಿಂದ ಹದಿನಾರಕ್ಕೆ 60,000, ಮೇಲಿನ 17,000ಕ್ಕೆ ಶೇ. 20ರಂತೆ 3,400. ಒಟ್ಟು 1,23,400, ಶೇ. 4ರ ಸೆಸ್ ಸೇರಿದರೆ 1,28,336. ಕಂಪನಿ ಮುರಿದಿರುವ 1,91,568ನ್ನು ನಾನು ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ. 3,04,000ದ ಪರಿಹಾರವನ್ನೂ ತೆರಿಗೆಗೆ ಸೇರಿಸಿದರೆ ಮಾತ್ರ ಆ ಅಂಕಿ ಬರುತ್ತದೆ. ಅಂದರೆ 10(10B) ವಿನಾಯಿತಿಯನ್ನು ಅವರು ಕೊಟ್ಟೇ ಇಲ್ಲ.

ಅದರ ಮೇಲೆ ಕಲಂ 89. ಕೆಲಸ ಕೊನೆಗೊಂಡದ್ದಕ್ಕೆ ಬಂದ ಪರಿಹಾರಕ್ಕೆ ಈ ರಿಲೀಫ್ ಸಿಗಬೇಕಾದರೆ ನಿಯಮ 21A ಪ್ರಕಾರ ಕನಿಷ್ಠ ಮೂರು ವರ್ಷ ಸತತ ಸೇವೆ ಆಗಿರಬೇಕು, ಮತ್ತು ಉಳಿದ ಸೇವಾವಧಿಯೂ ಕನಿಷ್ಠ ಮೂರು ವರ್ಷ ಇರಬೇಕು. ನಿಮಗೆ ಇನ್ನೂ ಹದಿನಾಲ್ಕು ವರ್ಷ ಸೇವೆ ಇತ್ತು. ಈ ವರ್ಷ ಒಟ್ಟು ಆದಾಯದ ಮೇಲೆ ತೆರಿಗೆ ಸರಾಸರಿ ಶೇಕಡಾ ಎಷ್ಟು ಬೀಳುತ್ತದೆ ಎಂದು ಮೊದಲು ನೋಡಬೇಕು. ಆಮೇಲೆ ಪರಿಹಾರದ (ಇಲ್ಲಿ ತೆರಿಗೆ ಬೀಳುವ ಹದಿನೈದು ಲಕ್ಷದ) ಮೂರನೇ ಒಂದು ಭಾಗವನ್ನು, ಎಂದರೆ ಐದು ಲಕ್ಷವನ್ನು, ಹಿಂದಿನ ಮೂರು ವರ್ಷಗಳ ಆದಾಯಕ್ಕೆ ಒಂದೊಂದಾಗಿ ಸೇರಿಸಿ, ಆಯಾ ವರ್ಷದ ದರದಲ್ಲಿ ಬರುವ ಸರಾಸರಿಗಳ ಸರಾಸರಿ ತೆಗೆಯಬೇಕು. ಮೊದಲನೆಯದು ಹೆಚ್ಚಿದ್ದರೆ ಆ ವ್ಯತ್ಯಾಸವೇ ರಿಲೀಫ್. ಹಿಂದಿನ ಮೂರು ವರ್ಷ ನಿಮ್ಮ ತೆರಿಗೆಗೊಳಪಡುವ ಆದಾಯ ತಲಾ 3,20,000 ಇತ್ತು, 2022-23ರಲ್ಲಿ ಹಳೆಯ ಪದ್ಧತಿ, ಆಮೇಲಿನ ಎರಡು ವರ್ಷ ಹೊಸದು ಎಂದು ಇಟ್ಟುಕೊಂಡು ನೋಡಿದರೆ, ಈ ವರ್ಷದ ದರ ಶೇ. 7.94, ಆ ಮೂರು ವರ್ಷಗಳ ಸರಾಸರಿ ಶೇ. 6.15 ಬರುತ್ತದೆ. ಹದಿನೈದು ಲಕ್ಷದ ಮೇಲೆ ಆ ವ್ಯತ್ಯಾಸ ಸುಮಾರು 26,800 ರೂಪಾಯಿ. ನಿಮ್ಮ ಹಳೆಯ ರಿಟರ್ನ್ಸ್‌ನಲ್ಲಿರುವ ನಿಜವಾದ ಅಂಕಿ ಹಾಕಿದರೆ ಇದು ಸ್ವಲ್ಪ ಆಚೀಚೆ ಆಗುತ್ತದೆ.

ಎರಡನ್ನೂ ಸೇರಿಸಿ ನೋಡಿದರೆ ನಿಮ್ಮ ನಿಜವಾದ ಹೊರೆ ಒಂದು ಲಕ್ಷದ ಆಸುಪಾಸು, ವಾಪಸ್ ಬರಬೇಕಾದದ್ದು ಸುಮಾರು 90,000. ಈ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಅದರ ಬಡ್ಡಿಯನ್ನೂ ಆದಾಯಕ್ಕೆ ಸೇರಿಸಿಕೊಳ್ಳಿ.

ಮುಂದೆ ಹೋಗುವ ಮೊದಲು ಒಂದು ಪ್ರಶ್ನೆ. 10(10B) ಇರುವುದು ಕಾರ್ಮಿಕರಿಗೆ. ನಿಮ್ಮ ಹುದ್ದೆ ಯಾವುದು, ದಿನವೂ ಮಾಡುತ್ತಿದ್ದ ಕೆಲಸವೇನು?

ಗುಬ್ಬಿ ತಾಲ್ಲೂಕಿನವನು

ತುಂಬು ಹೃದಯದ ಧನ್ಯವಾದಗಳು ಸರ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಿಂದಿನ ಮೂರು ವರ್ಷಗಳ ರಿಟರ್ನ್ಸ್ ನನ್ನ ಬಳಿ ಇವೆ. ಆದಾಯ ನೀವು ಅಂದಾಜಿಸಿದ್ದಕ್ಕೆ ಹತ್ತಿರವೇ ಇದೆ.

ಹುದ್ದೆಯ ವಿಷಯ ಕೇಳಿದ್ದರಿಂದ ನನಗೆ ಈಗ ಆತಂಕವಾಗಿದೆ. ಕೊನೆಯ ಆರು ವರ್ಷ ನನ್ನನ್ನು ಲೈನ್ ಲೀಡರ್ ಎಂದು ಕರೆದಿದ್ದರು, ಗುರುತಿನ ಚೀಟಿಯಲ್ಲಿಯೂ ಹಾಗೆಯೇ ಇದೆ. ಆದರೆ ನಾನು ಕೊನೆಯ ದಿನದವರೆಗೂ ಸಿಎನ್‌ಸಿ ಯಂತ್ರದ ಮುಂದೆಯೇ ನಿಂತವನು. ಬೆಳಗಿನ ಪಾಳಿಯಲ್ಲಿ ನನ್ನ ಯಂತ್ರದ ಎಣ್ಣೆ ನೋಡಿ, ಟೂಲ್ ಬದಲಿಸಿ, ಮೊದಲ ಐದು ಪೀಸುಗಳನ್ನು ಗೇಜಿನಲ್ಲಿ ಅಳೆದು ದಾಖಲೆ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದೆ. ಅದರ ಜೊತೆಗೆ ಪಕ್ಕದ ನಾಲ್ಕು ಯಂತ್ರದವರು ಬಂದಿದ್ದಾರೆಯೇ ಎಂದು ಬೋರ್ಡಿನಲ್ಲಿ ಬರೆಯುತ್ತಿದ್ದೆ. ಯಾರಿಗೂ ರಜೆ ಮಂಜೂರು ಮಾಡುವ, ಮೆಮೊ ಕೊಡುವ ಅಧಿಕಾರ ನನಗೆ ಇರಲಿಲ್ಲ. ತಿಂಗಳಿಗೆ 32,000 ಸಂಬಳ ಇದ್ದದ್ದರಿಂದ ನಾನು ಕಾರ್ಮಿಕನಲ್ಲ ಎಂದು ಆಗುತ್ತದೆಯೇ?

ಇನ್ನೊಂದು ವಿಷಯ. ಎರಡನೇ ಲೈನಿನ ಮೂವತ್ತು ಜನರನ್ನೂ ಏಪ್ರಿಲ್ ನಂತರ ತೆಗೆಯುವ ಮಾತು ನಡೆಯುತ್ತಿದೆ. ಅವರಿಗಾದರೂ ಐದು ಲಕ್ಷದ ಪೂರ್ತಿ ವಿನಾಯಿತಿ ಸಿಗುವ ದಾರಿ ಇದೆಯೇ?

ನರಸಾಪುರದ ಕಾರ್ಮಿಕ ಸಂಘಟಕ

ತಮ್ಮ ಎರಡೂ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ತಮ್ಮನ್ನು ತೆಗೆದಾಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಂಬಳದ ಮಿತಿ ಇದ್ದದ್ದು ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ ಮಾತ್ರ. ಮೇಲ್ವಿಚಾರಕರಾಗಿದ್ದು ತಿಂಗಳಿಗೆ 10,000ಕ್ಕಿಂತ ಹೆಚ್ಚು ಪಡೆಯುವವರು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗೆ. ಮ್ಯಾನೇಜರ್ ದರ್ಜೆಯವರು ಸಂಬಳ ಎಷ್ಟೇ ಇದ್ದರೂ ಹೊರಗೆ. ಕೈಯಿಂದ ಮಾಡುವ ಅಥವಾ ತಾಂತ್ರಿಕ ಕೆಲಸದವರಿಗೆ ಸಂಬಳ 32,000 ಇರಲಿ, 60,000 ಇರಲಿ, ಅವರು ಕಾರ್ಮಿಕರೇ. ಹುದ್ದೆಗೆ ಇಟ್ಟ ಹೆಸರಿನ ಮೇಲೆ ಇದು ನಿರ್ಧಾರವಾಗುವುದಿಲ್ಲ, ಮುಖ್ಯವಾಗಿ ಮಾಡುತ್ತಿದ್ದ ಕೆಲಸ ಯಾವುದು ಎಂಬುದರ ಮೇಲೆ ಆಗುತ್ತದೆ. ಹಾಜರಿ ಬರೆಯುವುದು ತಮಗೆ ಹೆಚ್ಚುವರಿ ಕೆಲಸವಾಗಿತ್ತು, ಯಂತ್ರ ನಡೆಸುವುದೇ ಮುಖ್ಯವಾಗಿತ್ತು. ನನ್ನ ದೃಷ್ಟಿಯಲ್ಲಿ ತಾವು ನಿಸ್ಸಂದೇಹವಾಗಿ ಕಾರ್ಮಿಕರು. ಕಂಪನಿ ತಾನೇ 25F ಅಡಿಯಲ್ಲಿ ಪರಿಹಾರ ಲೆಕ್ಕ ಹಾಕಿ ಕೊಟ್ಟಿರುವುದು ಇದಕ್ಕೆ ದೊಡ್ಡ ಆಧಾರ, ಏಕೆಂದರೆ ಕಾರ್ಮಿಕನಲ್ಲದವನಿಗೆ ಆ ಕಲಂನಡಿ ಪರಿಹಾರ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಪೀಸು ಅಳೆದು ಸಹಿ ಹಾಕಿದ ಹಾಳೆಗಳ ಫೋಟೋ, ಪಾಳಿಯ ಪಟ್ಟಿ, ಕೊನೆಯ ತರಬೇತಿ ಪ್ರಮಾಣಪತ್ರ, ಏನು ಸಿಕ್ಕಿದರೂ ಜೋಪಾನವಾಗಿ ತೆಗೆದಿಟ್ಟುಕೊಳ್ಳಿ.

ಎರಡನೇ ಲೈನಿನವರ ವಿಷಯ ಹೆಚ್ಚು ಮಹತ್ವದ್ದು, ಏಕೆಂದರೆ ಅವರಿಗೆ ಇನ್ನೂ ಸಮಯವಿದೆ. ನಮ್ಮ ಭಾಗದಲ್ಲಿ ವಿಆರ್‌ಎಸ್ ಎಂಬ ಮಾತು ಎಲ್ಲರಿಗೂ ಪರಿಚಿತ. ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯವರು ಸ್ವಯಂ ನಿವೃತ್ತಿ ಪಡೆದದ್ದನ್ನು ಕಂಡವರಿದ್ದಾರೆ. ನಮ್ಮ ಜಿಲ್ಲೆಯಲ್ಲಿ 2001ರ ಫೆಬ್ರವರಿ 28ರಂದು ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಕಾಲದಿಂದ ಇಂತಹ ಲೆಕ್ಕಗಳನ್ನು ಮನೆಮನೆಯಲ್ಲಿ ಮಾತಾಡುತ್ತಾ ಬಂದಿದ್ದಾರೆ. ಹಾಗಾಗಿ ಕೆಲಸ ಬಿಟ್ಟಾಗ ಬಂದ ದೊಡ್ಡ ಹಣಕ್ಕೆಲ್ಲ ಐದು ಲಕ್ಷ ಬಿಡುತ್ತಾರೆ ಎಂಬ ನಂಬಿಕೆ ಬೆಳೆದಿದೆ. ಅದು ಕಲಂ 10(10C)ಯ ವಿನಾಯಿತಿ. ಕಂಪನಿ ನಿಯಮ 2BA ಪ್ರಕಾರ ಸ್ವಯಂ ನಿವೃತ್ತಿ ಯೋಜನೆ ರೂಪಿಸಿ, ನೌಕರ ತಾನಾಗಿ ಅರ್ಜಿ ಹಾಕಿ ನಿವೃತ್ತಿ ಪಡೆದಾಗ ಮಾತ್ರ ಅದು ಸಿಗುತ್ತದೆ. ಹತ್ತು ವರ್ಷ ಸೇವೆಯಾದವರಿಗೆ ಅಥವಾ ನಲವತ್ತು ವರ್ಷ ತುಂಬಿದವರಿಗೆ ಯೋಜನೆ ಅನ್ವಯಿಸಬೇಕು. ಒಟ್ಟು ನೌಕರರ ಸಂಖ್ಯೆ ಕಡಿಮೆ ಮಾಡುವುದಕ್ಕಾಗಿಯೇ ಅದು ಇರಬೇಕು. ತೆರವಾದ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬಾರದು. ನಿವೃತ್ತರಾದವರು ಅದೇ ಆಡಳಿತದ ಇನ್ನೊಂದು ಕಂಪನಿಗೆ ಸೇರಬಾರದು. ಕೊಡುವ ಮೊತ್ತ ಪೂರ್ಣಗೊಂಡ ಪ್ರತಿ ವರ್ಷಕ್ಕೆ ಮೂರು ತಿಂಗಳ ಸಂಬಳವನ್ನು, ಅಥವಾ ಕೊನೆಯ ಸಂಬಳವನ್ನು ಉಳಿದ ಸೇವೆಯ ತಿಂಗಳುಗಳಿಂದ ಗುಣಿಸಿದ ಮೊತ್ತವನ್ನು ಮೀರಬಾರದು. ಸಂಸ್ಥೆ ಕಂಪನಿಯೋ ಆ ಕಲಂನಲ್ಲಿ ಹೆಸರಿಸಿದ ಬೇರೆ ಬಗೆಯ ಸಂಸ್ಥೆಯೋ ಆಗಿರಬೇಕು ಎಂಬುದನ್ನೂ ಮರೆಯಬಾರದು. ಖಾಸಗಿ ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಲಂ ಇಲ್ಲ.

ತಮ್ಮನ್ನು ಕಂಪನಿಯೇ ತೆಗೆದಿದೆ. ಆದ್ದರಿಂದ ತಮಗೆ 10(10C) ಇಲ್ಲ, ಮತ್ತು ಈಗ ಹಿಂದಿನ ದಿನಾಂಕ ಹಾಕಿ ರಾಜೀನಾಮೆ ಬರೆದುಕೊಟ್ಟರೆ ಅದನ್ನು ವಿಆರ್‌ಎಸ್ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದು ಸುಳ್ಳು ದಾಖಲೆ. ಅದರಿಂದ 25Fನ ಹಕ್ಕೂ ಕೈತಪ್ಪುತ್ತದೆ, ಏಕೆಂದರೆ ಸ್ವಯಂ ನಿವೃತ್ತಿಯನ್ನು ಕಾಯ್ದೆ ರಿಟ್ರೆಂಚ್‌ಮೆಂಟ್ ಎಂದು ಪರಿಗಣಿಸುವುದಿಲ್ಲ.

ಎರಡನೇ ಲೈನಿನವರು ಈಗಲೇ ಒಟ್ಟಾಗಿ ಕುಳಿತು, ಕಂಪನಿ ಹೇಗೂ ದೊಡ್ಡ ಮೊತ್ತ ಕೊಡಲು ಸಿದ್ಧವಿರುವುದಾದರೆ ಅದನ್ನು ನಿಯಮ 2BAಗೆ ಹೊಂದುವ ಯೋಜನೆಯಾಗಿ ರೂಪಿಸಿ ಎಂದು ಲಿಖಿತವಾಗಿ ಕೇಳಬೇಕು. ಕಂಪನಿಗೆ ಇದರಿಂದ ಹೆಚ್ಚುವರಿ ಖರ್ಚಿಲ್ಲ, ಕಾರ್ಮಿಕರಿಗೆ ಐದು ಲಕ್ಷದ ವಿನಾಯಿತಿ ಬರುತ್ತದೆ. ಆದರೆ ಒಂದು ಲೆಕ್ಕ ಮಾಡಿಯೇ ಒಪ್ಪಬೇಕು: 10(10C) ಪಡೆದ ಹಣಕ್ಕೆ ಕಲಂ 89ರ ರಿಲೀಫ್ ಇಲ್ಲ. 10(10B) ಪಡೆದವರಿಗೆ ಆ ನಿರ್ಬಂಧವಿಲ್ಲ. ಸೇವೆ ಹೆಚ್ಚಾಗಿ 25F ಮೊತ್ತವೇ ಐದು ಲಕ್ಷದ ಹತ್ತಿರ ಬರುವ ಹಿರಿಯರಿಗೆ ರಿಟ್ರೆಂಚ್‌ಮೆಂಟ್ ಆದರೇ ಒಳ್ಳೆಯದಾಗಬಹುದು. ಹತ್ತು ಹನ್ನೆರಡು ವರ್ಷ ಸೇವೆಯವರಿಗೆ ವಿಆರ್‌ಎಸ್ ಒಳ್ಳೆಯದಾಗಬಹುದು. ಮೂವತ್ತು ಜನರಿಗೂ ಒಂದೇ ಉತ್ತರ ಇರುವುದಿಲ್ಲ.

ಅವರ ವಿಷಯದಲ್ಲಿ ಕಾನೂನೂ ಬೇರೆ. ನಾನು ಹೇಳಿದ ತೆರಿಗೆ ಕಲಂಗಳ ಸಂಖ್ಯೆ 1961ರ ಕಾಯ್ದೆಯದು; 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಆ ಸಂಖ್ಯೆಗಳು ಬೇರೆಯಾಗುತ್ತವೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಹದಿನೈದು ದಿನದ ಸರಾಸರಿ ವೇತನದ ಸೂತ್ರ ಅಲ್ಲಿಯೂ ಇದೆ. ಮೇಲ್ವಿಚಾರಕರ ಸಂಬಳದ ಮಿತಿ 18,000ಕ್ಕೆ ಏರಿದೆ. ಇದರ ಜೊತೆಗೆ ತೆಗೆದ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ಕಂಪನಿ ಹದಿನೈದು ದಿನದ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು ಕೆಲಸ ಹೋದ 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಕಂಪನಿ ಎಕ್ಸ್‌ಗ್ರೇಷಿಯಾ ಕೊಡುತ್ತಿದ್ದೇವೆ ಎಂಬ ಕಾರಣಕ್ಕೆ ಇದನ್ನು ಬಿಟ್ಟುಬಿಡಲು ಅವಕಾಶ ಕೊಡಬಾರದು.

ಗೌರಿಬಿದನೂರಿನಿಂದ

ಇದೇ ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆ. ನನ್ನ ಅಣ್ಣನಿಗೆ ಎಕ್ಸ್‌ಗ್ರೇಷಿಯಾದ ಅರ್ಧವನ್ನು ಈಗ ಕೊಟ್ಟು, ಉಳಿದರ್ಧವನ್ನು 2026ರ ಮೇ ತಿಂಗಳಲ್ಲಿ ಕೊಡುವುದಾಗಿ ಹೇಳಿದ್ದಾರೆ. ಎರಡು ವರ್ಷಕ್ಕೆ ಹಂಚಿಹೋದರೆ ತೆರಿಗೆ ಕಡಿಮೆಯಾಗುತ್ತದೆ ಅಲ್ಲವೇ?

ತೆರಿಗೆ ಸಲಹೆಗಾರ, ತುಮಕೂರು

ಗೌರಿಬಿದನೂರಿನವರಿಗೆ: ಸಂಬಳದ ಸ್ವರೂಪದ ಹಣಕ್ಕೆ ತೆರಿಗೆ ಬೀಳುವುದು ಅದು ಸಲ್ಲಬೇಕಾದ ದಿನ ಅಥವಾ ಕೈಗೆ ಬಂದ ದಿನ, ಯಾವುದು ಮೊದಲೋ ಆ ವರ್ಷದಲ್ಲಿ. ಪೂರ್ತಿ ಮೊತ್ತ ಈಗಲೇ ಸಲ್ಲುತ್ತದೆ, ಪಾವತಿ ಮಾತ್ರ ಎರಡು ಕಂತಿನಲ್ಲಿ ಎಂದು ಪತ್ರದಲ್ಲಿ ಇದ್ದರೆ ಇಡೀ ಹಣ ಈ ವರ್ಷದ ಆದಾಯವೇ. ಎರಡನೇ ಕಂತು ಮೇ ತಿಂಗಳಲ್ಲಿ ಮಾತ್ರ ಸಲ್ಲತಕ್ಕದ್ದು ಎಂದು ಸ್ಪಷ್ಟವಾಗಿ ಇದ್ದರೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ, ಮತ್ತು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಡಿ ಬರುತ್ತದೆ. ಪತ್ರದ ಆ ಸಾಲನ್ನು ಓದಿದ ಮೇಲೆ ಮಾತ್ರ ಇದಕ್ಕೆ ಉತ್ತರ ಹೇಳಲು ಸಾಧ್ಯ. ಅಣ್ಣನವರಿಗೆ ಬೇರೆ ಆದಾಯವಿಲ್ಲದೆ, ಒಂದು ವರ್ಷದ ಒಟ್ಟು ಆದಾಯ ಹನ್ನೆರಡು ಲಕ್ಷದೊಳಗೆ ಉಳಿಯುವುದಾದರೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬೀಳದಿರಬಹುದು. ಆದ್ದರಿಂದ ದಿನಾಂಕದ ಪ್ರಶ್ನೆ ಸಣ್ಣದಲ್ಲ.

ಗುಬ್ಬಿಯವರಿಗೆ: ಸಂಘಟಕರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ನೀವು ಧೈರ್ಯವಾಗಿ 10(10B) ಕೇಳಬಹುದು. ಮೊದಲು ಕಂಪನಿಗೆ ಪತ್ರ ಬರೆದು, 3,04,000 ರೂಪಾಯಿ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 25F(b) ಪ್ರಕಾರ ಕೊಟ್ಟ ಪರಿಹಾರವೆಂದೂ, 15,00,000 ಪ್ರತ್ಯೇಕ ಪಾವತಿಯೆಂದೂ ನಮೂದಿಸಿದ ಚುಕ್ತಾ ವಿವರವನ್ನು ಸಹಿ ಮೊಹರಿನೊಂದಿಗೆ ಕೇಳಿ ಪಡೆಯಿರಿ. ಮಾರ್ಚ್ ಮುಗಿಯುವುದರೊಳಗೆ ಕೇಳಿದರೆ, ಅವರು ಫಾರಂ 16 ಸಿದ್ಧಪಡಿಸುವ ಮೊದಲೇ ವಿನಾಯಿತಿಯನ್ನು ಅದರಲ್ಲಿ ಸೇರಿಸಲು ಅವಕಾಶವಿರುತ್ತದೆ. ಅವರು ಸೇರಿಸದಿದ್ದರೂ ನಿಮ್ಮ ಹಕ್ಕು ಹೋಗುವುದಿಲ್ಲ, ರಿಟರ್ನ್ಸ್‌ನಲ್ಲಿ ಸಂಬಳದ ಭಾಗದಲ್ಲಿರುವ ವಿನಾಯಿತಿಗಳ ಸಾಲಿನಲ್ಲಿ 10(10B) ಆರಿಸಿ ನೀವೇ ಕೇಳಬಹುದು. ಆಗ ಫಾರಂ 16ಕ್ಕೂ ನಿಮ್ಮ ರಿಟರ್ನ್ಸ್‌ಗೂ ವ್ಯತ್ಯಾಸ ಕಂಡು ಬೆಂಗಳೂರಿನಲ್ಲಿರುವ ಇಲಾಖೆಯ ರಿಟರ್ನ್ಸ್ ಸಂಸ್ಕರಣಾ ಕೇಂದ್ರದಿಂದ ವಿವರಣೆ ಕೇಳಿ ನೋಟಿಸ್ ಬರುವ ಸಂಭವವಿದೆ. ಅದಕ್ಕೆ 30 ದಿನಗಳೊಳಗೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಉತ್ತರ ಕೊಡಬೇಕು, ಚುಕ್ತಾ ವಿವರ ಆಗ ಬೇಕಾಗುತ್ತದೆ. ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಪೋರ್ಟಲ್‌ನಲ್ಲಿ ನಿಮ್ಮದೇ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಹಲವರ ಖಾತೆಯಲ್ಲಿ ಹಿಂದೆ ರಿಟರ್ನ್ಸ್ ಹಾಕಿಕೊಟ್ಟ ಅಂಗಡಿಯವರ ಸಂಖ್ಯೆ ಇರುತ್ತದೆ, ನೋಟಿಸ್ ಬಂದದ್ದು ಗೊತ್ತೇ ಆಗುವುದಿಲ್ಲ.

ಕಲಂ 89ರ ರಿಲೀಫ್‌ಗೆ ಫಾರಂ 10E ಇದೆ. ಅದನ್ನು ರಿಟರ್ನ್ಸ್ ಸಲ್ಲಿಸುವ ಮೊದಲೇ ಪೋರ್ಟಲ್‌ನಲ್ಲಿ ತುಂಬಿ ಸಲ್ಲಿಸಬೇಕು. ರಿಟರ್ನ್ಸ್‌ನಲ್ಲಿ ಮೊತ್ತ ಹಾಕಿ ಫಾರಂ ಹಾಕದೇ ಇದ್ದರೆ ರಿಲೀಫನ್ನು ಸರಾಗವಾಗಿ ತೆಗೆದುಹಾಕಿ ಆ 26,000 ಚಿಲ್ಲರೆಯನ್ನು ಬಾಕಿ ಎಂದು ತೋರಿಸುತ್ತಾರೆ. ಅದರಲ್ಲಿ ಗ್ರಾಚ್ಯುಟಿಗೆ ಒಂದು ಭಾಗ, ಉದ್ಯೋಗ ಕೊನೆಗೊಂಡ ಪರಿಹಾರಕ್ಕೆ ಇನ್ನೊಂದು ಭಾಗ, ಸಂಬಳ ಬಾಕಿಗೆ ಮತ್ತೊಂದು ಇವೆ. ನೀವು ತುಂಬಬೇಕಾದದ್ದು ಪರಿಹಾರದ ಭಾಗವನ್ನು. ಅಲ್ಲಿ ಹದಿನೈದು ಲಕ್ಷವನ್ನು ಮಾತ್ರ ಹಾಕಿ, ವಿನಾಯಿತಿ ಇರುವ 3,04,000ವನ್ನು ಸೇರಿಸಬೇಡಿ. ನೋಟಿಸ್ ಸಂಬಳವನ್ನೂ ನಾನು ಅಲ್ಲಿ ಸೇರಿಸುವುದಿಲ್ಲ, ಅದರಿಂದ ಬರುವ ಲಾಭ ಅಲ್ಪ, ವಿವಾದಕ್ಕೆ ದಾರಿ. ಇದೆಲ್ಲವನ್ನೂ ಮುಗಿಸಿ ರಿಟರ್ನ್ಸ್ ಸಲ್ಲಿಸಲು 2026ರ ಜುಲೈ 31ರವರೆಗೆ ಸಮಯವಿದೆ. ಆದರೆ ಜೂನ್ ಮಧ್ಯದಲ್ಲಿ ಫಾರಂ 16 ಕೈಗೆ ಬಂದ ವಾರದಲ್ಲೇ ಹಾಕಿದರೆ, ಮಗಳ ಕಾಲೇಜು ಶುಲ್ಕ ಕಟ್ಟುವ ಹೊತ್ತಿನಲ್ಲಿ ಕಾಯುವ ಅವಧಿ ಅಷ್ಟಾದರೂ ಕಡಿಮೆಯಾಗುತ್ತದೆ.